ನಮ್ಮ ಕಾಲೇಜಿಗೆ ಒಂದು ಅಂಗಡಿ ಬೇಕು

ವಿದ್ಯಾರ್ಥಿಯು ವ್ಯಾಪಾರ ಮಾಡಬಹುದೇ ಎಂಬ ಪ್ರಶ್ನೆಯನ್ನು ಕೇಳಿದೊಡನೆ ನಮ್ಮ ಹಿರಿಯರಲ್ಲಿ ಅನೇಕರು ಹುಬ್ಬು ಗಂಟಿಕ್ಕುವರು. ಓದುವ ಕಾಲದಲ್ಲಿ ಓದಬೇಕು, ದುಡಿಯುವ ಕಾಲದಲ್ಲಿ ದುಡಿಯಬೇಕು ಎಂಬುದು ಅವರ ಮತ. ಇನ್ನೊಂದು ಕಡೆ, ಸಭೆಗಳಿಗೆ ಬರುವ ಅತಿಥಿಗಳು "ನೌಕರಿ ಕೇಳುವವರಾಗಬೇಡಿ, ನೌಕರಿ ಕೊಡುವವರಾಗಿರಿ" ಎಂದು ಉಪದೇಶ ಮಾಡಿ, ಹಾರ ಹಾಕಿಸಿಕೊಂಡು, ಕಾರು ಹತ್ತಿ ಹೋಗುವರು. ಈ ಎರಡು ಮಾತುಗಳ ನಡುವೆ ನಿಂತ ಕಲಾ ವಿಭಾಗದ ವಿದ್ಯಾರ್ಥಿಯ ಪಾಡೇನು? ಈ ವಿಷಯವಾಗಿ ನನ್ನ ಅಲ್ಪಮತಿಗೆ ತೋರಿದ ನಾಲ್ಕು ಮಾತುಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಗುರುಗಳೂ ಸಹಪಾಠಿಗಳೂ ಇದನ್ನು ಒಪ್ಪಲೇಬೇಕೆಂಬ ಹಟ ನನಗಿಲ್ಲ. ಓದಿ ಮಡಿಸಿಡದೆ ಚರ್ಚಿಸಿದರೆ ಸಾಕು.

ಮೊದಲು ನಮ್ಮ ಸೀಮೆಯ ಸ್ಥಿತಿಯನ್ನು ನೋಡೋಣ. 2021ರಲ್ಲಿ ಬಳ್ಳಾರಿ ಜಿಲ್ಲೆಯನ್ನು ವಿಭಾಗಿಸಿ ವಿಜಯನಗರ ಜಿಲ್ಲೆಯನ್ನು ರಚಿಸಿದರು. ಈ ಜಿಲ್ಲೆಗೆ ಆರು ತಾಲೂಕುಗಳು. ಅವುಗಳಲ್ಲಿ ಹೊಸಪೇಟೆಗೆ ತುಂಗಭದ್ರೆಯ ಅಣೆಕಟ್ಟುಂಟು, ಹಂಪಿಯುಂಟು, ಜಿಲ್ಲೆಯ ಕಚೇರಿಗಳುಂಟು. ಉಳಿದ ಐದು, ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಹೆಚ್ಚಾಗಿ ಮಳೆಯನ್ನೇ ನಂಬಿದ ತಾಲೂಕುಗಳು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಮತ್ತೆ ಬಳ್ಳಾರಿಗೆ ಮರಳಿ, ಕೊನೆಗೆ ವಿಜಯನಗರಕ್ಕೆ ಬಂದಿತು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಮಳೆ ತಪ್ಪಿದ ವರ್ಷ ಗುಳೆ ಹೋಗುವ ದಾರಿ ಮಾತ್ರ ಬದಲಾಗಲಿಲ್ಲ. ನಮ್ಮ ಹಳ್ಳಿ, ಹಟ್ಟಿ, ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಗಳಿಗೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಜನರು ಹೋಗುವುದು ಈ ಪತ್ರಿಕೆಯ ಓದುಗರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ತಂದೆತಾಯಿಗಳು ಗುಳೆ ಹೋದಾಗ ಅಜ್ಜಿಯ ಮನೆಯಲ್ಲಿದ್ದು ಓದಿದವರು ನಮ್ಮ ಬೆಂಚುಗಳಲ್ಲಿಯೇ ಕುಳಿತಿದ್ದಾರೆ.

ಇಂಥ ಮನೆಗಳಿಂದ ಬಂದ ನಾವು ಬಿ.ಎ. ಪದವಿ ಪಡೆದ ಮೇಲೆ ಮಾಡುವುದೇನು? ಬಹುಪಾಲು ಮಂದಿ ಸ್ಪರ್ಧಾ ಪರೀಕ್ಷೆಗೆ ಕೂಡುತ್ತೇವೆ. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371(ಜೆ) ಅನುಚ್ಛೇದವು ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣದಲ್ಲಿಯೂ ಸರಕಾರಿ ಹುದ್ದೆಗಳಲ್ಲಿಯೂ ಒಂದು ಪಾಲನ್ನು ಕಾಯ್ದಿರಿಸಿತು. ಅದು ಹೋರಾಟದಿಂದ ಬಂದ ಹಕ್ಕು. ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಪಾಲು ಇದ್ದ ಮಾತ್ರಕ್ಕೆ ಎಲ್ಲರಿಗೂ ಹುದ್ದೆ ಸಿಕ್ಕುವುದಿಲ್ಲ. ಹತ್ತು ಮಂದಿಯ ಪಂಕ್ತಿಯಲ್ಲಿ ಒಂದೇ ಎಲೆ ಹಾಕಿದ್ದರೆ ಉಳಿದ ಒಂಬತ್ತು ಮಂದಿ ಎಷ್ಟು ಶಿಸ್ತಿನಿಂದ ಕುಳಿತರೂ ಉಪವಾಸವೇ. ಆ ಒಂಬತ್ತು ಮಂದಿ ಐದಾರು ವರ್ಷ ಕಾಯ್ದು, ವಯಸ್ಸು ಮೀರಿ, ಕಡೆಗೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಹೆಣ್ಣುಮಕ್ಕಳಿಗಾದರೋ ಕಾಯುವ ಅವಕಾಶವೂ ಇಲ್ಲ. ಪದವಿಯ ಫಲಿತಾಂಶ ಬರುವ ಮೊದಲೇ ಲಗ್ನಪತ್ರಿಕೆ ಅಚ್ಚಾಗಿರುತ್ತದೆ.

ಆದುದರಿಂದ ಸ್ವಂತ ಉದ್ಯೋಗದ ಮಾತು ನಮ್ಮ ಪಾಲಿಗೆ ಹೊಟ್ಟೆಯ ಪ್ರಶ್ನೆ. ಆದರೂ ಒಂದು ಎಚ್ಚರವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಉದ್ಯಮಶೀಲತೆ ಎಂಬುದು ನೌಕರಿ ಕೊಡಲಾಗದವರು ನಮಗೆ ಹೇಳುವ ಸಮಾಧಾನದ ಮಾತಾಗಬಾರದು. ಖಾಲಿ ಹುದ್ದೆಗಳನ್ನು ತುಂಬುವುದು ಸರಕಾರದ ಕರ್ತವ್ಯ. ನಾವು ಅಂಗಡಿ ತೆರೆದೆವೆಂದು ಆ ಕರ್ತವ್ಯ ತೀರುವುದಿಲ್ಲ. ನಾನು ಕೇಳುತ್ತಿರುವುದು ಹುದ್ದೆಗೆ ಬದಲಾಗಿ ಅಂಗಡಿಯನ್ನಲ್ಲ. ಹುದ್ದೆ ಬಂದರೂ ಬಾರದಿದ್ದರೂ ಬದುಕನ್ನು ಲೆಕ್ಕ ಹಾಕಿ ನಡೆಸುವ ವಿದ್ಯೆಯನ್ನು ಕೇಳುತ್ತಿದ್ದೇನೆ.

ಈ ವಿದ್ಯೆಯನ್ನು ನಮಗೆ ಕಲಿಸುವ ಬಗೆ ಹೇಗಿದೆ? 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಅದಕ್ಕೆ ಮೊದಲು ನಮ್ಮ ಕಡೆಯ ಕಾಲೇಜುಗಳು ದೂರದ ಗುಲಬರ್ಗಾ ವಿಶ್ವವಿದ್ಯಾಲಯದ ಆಶ್ರಯದಲ್ಲಿದ್ದವು. ವಿಶ್ವವಿದ್ಯಾಲಯವು ಹತ್ತಿರಕ್ಕೆ ಬಂದುದು ಸಂತೋಷವೇ. 2018ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆಯು ಕಾಲೇಜುಗಳಲ್ಲಿ ಹೊಸ ಆಲೋಚನೆಗಳನ್ನು ಪೋಷಿಸುವುದಕ್ಕೆಂದು ಮಂಡಳಿಗಳನ್ನು ರಚಿಸುವ ಯೋಜನೆಯನ್ನೂ ತಂದಿತು. ಇವೆಲ್ಲದರ ಉದ್ದೇಶ ಒಳ್ಳೆಯದು. ಆದರೆ ಸರಕಾರಿ ಕಲಾ ಕಾಲೇಜಿನ ಬಾಗಿಲಿಗೆ ಬರುವ ಹೊತ್ತಿಗೆ ಇವು ಸಾಮಾನ್ಯವಾಗಿ ಒಂದು ದಿನದ ಕಾರ್ಯಾಗಾರವಾಗಿ ಸಣ್ಣದಾಗುತ್ತವೆ. ಬೆಳಿಗ್ಗೆ ದೀಪ ಹಚ್ಚುವುದು, ಮಧ್ಯಾಹ್ನ ಪಲಾವು, ಸಂಜೆ ಪ್ರಮಾಣಪತ್ರ. ನಡುವೆ ಒಂದು ಭಾಷಣ. ಅದರಲ್ಲಿ 1981ರಲ್ಲಿ ಹತ್ತು ಸಾವಿರ ರೂಪಾಯಿಗಳಿಂದ ಇನ್ಫೋಸಿಸ್ ಆರಂಭವಾದ ಕಥೆ ತಪ್ಪದೆ ಬರುತ್ತದೆ. ಆ ಕಥೆ ನಿಜ, ಸ್ಫೂರ್ತಿಯುತವೂ ಹೌದು. ಆದರೆ ಅದನ್ನು ಆರಂಭಿಸಿದವರು ಇಂಜಿನಿಯರುಗಳು. ದೊಡ್ಡ ಕಂಪನಿಯಲ್ಲಿ ಕೆಲಸ ಮಾಡಿ ಕಸುಬನ್ನು ಅರಿತವರು. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ಓದುವ ಹಡಗಲಿಯ ಹುಡುಗಿಯು ಆ ಕಥೆಯಿಂದ ನಾಳೆ ಬೆಳಿಗ್ಗೆ ಏನು ಮಾಡಬೇಕು ಎಂಬುದನ್ನು ಯಾರೂ ಹೇಳುವುದಿಲ್ಲ.

ನಮಗೆ ಹೊಂದುವ ಕಥೆಗಳು ಬೇರೆ ಇವೆ. ಅವು ಹತ್ತಿರದಲ್ಲಿಯೇ ಇವೆ. ಹಡಗಲಿಯ ಕಡೆಯಿಂದ ತುಂಗಭದ್ರೆಯನ್ನು ದಾಟಿದರೆ ಗದಗ ಜಿಲ್ಲೆ. ಆ ಜಿಲ್ಲೆಯ ಕಣಗಿನಹಾಳ ಎಂಬ ಹಳ್ಳಿಯಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘವನ್ನು ಕಟ್ಟಿದರು. ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದಕ್ಕೆ ಹೆಸರು. ಸಾಹುಕಾರನ ಬಡ್ಡಿಯಿಂದ ಪಾರಾಗಲು ಹಳ್ಳಿಯವರೇ ಸಣ್ಣ ಸಣ್ಣ ಪಾಲುಗಳನ್ನು ಕೂಡಿಸಿದರು. 1959ರಲ್ಲಿ ಮುಂಬಯಿಯಲ್ಲಿ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ತಂದು ಮನೆಯ ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಲು ತೊಡಗಿದರು. ಅದೇ ಮುಂದೆ ದೇಶವೆಲ್ಲ ಬಲ್ಲ ಲಿಜ್ಜತ್ ಪಾಪಡ್ ಆಯಿತು. ಈ ಎರಡು ಕಡೆಗಳಲ್ಲಿಯೂ ದೊಡ್ಡ ಬಂಡವಾಳವಿರಲಿಲ್ಲ, ದೊಡ್ಡ ಪದವಿಯಿರಲಿಲ್ಲ. ಇದ್ದುದು ಎರಡೇ: ಕೂಡಿ ಮಾಡುವ ಮನಸ್ಸು, ತಪ್ಪದೆ ಬರೆದ ಲೆಕ್ಕ.

ವಿದ್ಯಾರ್ಥಿಗಳಿಗೇ ಸಂಬಂಧಿಸಿದ ಉದಾಹರಣೆ ಹುಬ್ಬಳ್ಳಿಯಲ್ಲಿದೆ. ಹುಬ್ಬಳ್ಳಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಉದ್ದಿಮೆ ಕಟ್ಟಿದ ಗುರುರಾಜ ದೇಶಪಾಂಡೆಯವರ ಪ್ರತಿಷ್ಠಾನವು ಕಾಲೇಜು ವಿದ್ಯಾರ್ಥಿಗಳಿಗಾಗಿ ಲೀಡ್ ಎಂಬ ಕಾರ್ಯಕ್ರಮವನ್ನು ನಡೆಸಿತು. ಅದರ ರೀತಿ ಸರಳ. ವಿದ್ಯಾರ್ಥಿಯು ತನ್ನ ಊರಿನ ಒಂದು ತೊಂದರೆಯನ್ನು ಗುರುತಿಸಿ ಅದಕ್ಕೊಂದು ಉಪಾಯವನ್ನು ಹೇಳಿದರೆ, ಪ್ರಯೋಗ ಮಾಡಿ ನೋಡಲು ಸಣ್ಣ ಮೊತ್ತವನ್ನೂ ಮಾರ್ಗದರ್ಶನವನ್ನೂ ಕೊಡುವುದು. ಅಲ್ಲಿಯೇ ಬೆಳೆದ ನವೋದ್ಯಮ ಕೇಂದ್ರದ ಹೊಸ ಕಟ್ಟಡವನ್ನು 2018ರಲ್ಲಿ ರತನ್ ಟಾಟಾ ಅವರು ಉದ್ಘಾಟಿಸಿದರು. ಕಟ್ಟಡ ನಮಗೆ ಬೇಕಿಲ್ಲ, ರೀತಿ ಬೇಕು. ಸಣ್ಣ ಹಣ, ಸಣ್ಣ ಪ್ರಯೋಗ, ಸೋತರೂ ಮನೆ ಮುಳುಗದಷ್ಟು ನಷ್ಟ: ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ.

ಇನ್ನು ನಮ್ಮ ಸೀಮೆಯಲ್ಲಿ ಮಾರುವುದಕ್ಕೆ ಏನಿದೆ ಎಂದು ಕೇಳುವವರುಂಟು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ನಾವೇ ಉದಾಹರಣೆ. ಹಡಗಲಿಯ ಮಲ್ಲಿಗೆಗೆ ಮೈಸೂರು ಮತ್ತು ಉಡುಪಿ ಮಲ್ಲಿಗೆಗಳಂತೆ ಭೌಗೋಳಿಕ ಗುರುತಿನ ಮಾನ್ಯತೆಯುಂಟು. ಕೂಡ್ಲಿಗಿಯ ಕಡೆ ಹುಣಿಸೆಯುಂಟು, ಶೇಂಗಾ ಉಂಟು. ಗುಡೇಕೋಟೆಯ ಬೆಟ್ಟಗಳಲ್ಲಿ 2013ರಲ್ಲಿ ಘೋಷಿಸಲಾದ ಕರಡಿಧಾಮವುಂಟು. ಹಗರಿಬೊಮ್ಮನಹಳ್ಳಿ ತಾಲೂಕಿನ ಅಂಕಸಮುದ್ರದ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ನೂರು ಹೆಕ್ಟೇರಿಗೂ ಕಡಿಮೆಯಿರುವ ಆ ಕೆರೆಯ ಹೆಸರು ಲೋಕದ ದೊಡ್ಡ ಜೌಗು ಭೂಮಿಗಳ ಸಾಲಿನಲ್ಲಿದೆ. ಕೊಟ್ಟೂರಿನಲ್ಲಿ ಗುರುಬಸವೇಶ್ವರನ ತೇರಿಗೆ ಸೇರುವ ಜನಸಾಗರವನ್ನು ನೋಡದವರಾರು? ಹರಪನಹಳ್ಳಿ ತಾಲೂಕಿನಲ್ಲಿ ಬಾಗಳಿಯ ಕಲ್ಲೇಶ್ವರ ದೇವಾಲಯವಿದೆ, ಉಚ್ಚಂಗಿದುರ್ಗವಿದೆ. ನಮ್ಮ ತಾಂಡಾಗಳ ಅಜ್ಜಿಯರ ಕೈಯಲ್ಲಿ ಕಸೂತಿಯಿದೆ. ನೆರೆಯ ಸಂಡೂರಿನ ಕುಶಲ ಕಲಾ ಕೇಂದ್ರವು ಅಂಥ ಲಂಬಾಣಿ ಕಸೂತಿಯನ್ನೇ ನಂಬಿ ನಡೆದು ಭೌಗೋಳಿಕ ಗುರುತನ್ನು ಗಳಿಸಿತು. 2023ರ ಜುಲೈ ತಿಂಗಳಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಆ ಕಸೂತಿಯ 1,755 ತುಣುಕುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನು ಸೇರಿತು. ಸಂಡೂರಿನ ತಾಂಡಾದಲ್ಲಿ ಆದುದು ಹರಪನಹಳ್ಳಿಯ ತಾಂಡಾದಲ್ಲಿ ಏಕೆ ಆಗಬಾರದು?

ಆಗದಿರುವುದಕ್ಕೆ ಕಾರಣವಿಲ್ಲದಿಲ್ಲ. ನಮ್ಮಲ್ಲಿ ವಸ್ತುವಿದೆ, ಕೈಗಳಿವೆ, ಲೆಕ್ಕ ಇಲ್ಲ. ಇದನ್ನು ನಾನು ನಮ್ಮ ಮನೆಯ ಮಾತಿನಿಂದಲೇ ವಿವರಿಸುತ್ತೇನೆ. ನಾನು ಹಡಗಲಿಯ ಕಡೆಯ ಹಳ್ಳಿಯಿಂದ ಬಂದಿರುವ ಅಂತಿಮ ಬಿ.ಎ. ವಿದ್ಯಾರ್ಥಿ, ನಮ್ಮ ಮನೆಯಲ್ಲಿ ಹೂ ಕಟ್ಟಿ ಮಾರುತ್ತಾರೆ. ಬೇಸಿಗೆಯಲ್ಲಿ ಮೊಗ್ಗು ಹೇರಳ, ಬೆಲೆ ಅಗ್ಗ. ಚಳಿಗಾಲದಲ್ಲಿ ಬೆಲೆ ಏರುತ್ತದೆ, ಆಗ ಗಿಡದಲ್ಲಿ ಮೊಗ್ಗಿಲ್ಲ. ಲೆಕ್ಕ ತೋರಿಸುವುದಕ್ಕೆಂದು ಕೆಲವು ಅಂಕಿಗಳನ್ನು ಇಟ್ಟುಕೊಳ್ಳೋಣ. ಒಂದು ದಿನ 400 ರೂಪಾಯಿಯ ಮೊಗ್ಗು, 20 ರೂಪಾಯಿಯ ದಾರ, 60 ರೂಪಾಯಿ ಬಸ್ ಖರ್ಚು. ಮಾರಿ ಬಂದುದು 700. "220 ರೂಪಾಯಿ ಉಳಿಯಿತು" ಎಂದು ಮನೆಯವರು ಸಂತೋಷಪಡುತ್ತಾರೆ. ಆದರೆ ಕಟ್ಟುವುದಕ್ಕೂ ಮಾರುವುದಕ್ಕೂ ಇಬ್ಬರಿಂದ ಕೂಡಿ 11 ತಾಸು ಹಿಡಿದಿದ್ದರೆ, ತಾಸಿಗೆ ಬಿದ್ದುದು 20 ರೂಪಾಯಿ. ಅವ್ವನ ದುಡಿಮೆಯನ್ನು ಯಾರೂ ಖರ್ಚೆಂದು ಬರೆಯುವುದಿಲ್ಲವಾದ್ದರಿಂದ ಅದು ಲಾಭದಂತೆ ಕಾಣುತ್ತದೆ. ಬಾಡಿದ ಹೂವಿನ ಲೆಕ್ಕ ಇಲ್ಲ, ಉದ್ರಿ ಕೊಟ್ಟದ್ದರ ಲೆಕ್ಕ ಇಲ್ಲ. ಈ ಲೆಕ್ಕವನ್ನು ಒಂದು ತಿಂಗಳು ಬರೆದರೆ, ಯಾವ ದಿನ ಮಾರಬೇಕು, ಯಾವ ಊರಿಗೆ ಒಯ್ಯಬೇಕು, ಯಾವ ದಿನ ಸುಮ್ಮನಿರುವುದೇ ಲೇಸು ಎಂಬುದು ತಾನಾಗಿ ಗೋಚರಿಸುವುದು.

ಕೆಲವರು ಮಲ್ಲಿಗೆಯಿಂದ ಸುಗಂಧ ತೆಗೆಯುವ ಕಾರ್ಖಾನೆಯ ಮಾತನಾಡುತ್ತಾರೆ. ಸಾವಿರ ಕಿಲೋ ಮೊಗ್ಗಿನಿಂದ ದೊರೆಯುವ ಸುಗಂಧದ ಘನಸಾರ ಎರಡು ಮೂರು ಕಿಲೋ ಮಾತ್ರ. ಅದಕ್ಕೆ ಯಂತ್ರ ಬೇಕು, ದ್ರಾವಕ ಬೇಕು, ವರ್ಷವೆಲ್ಲ ಹೂ ಬೇಕು. ಅದು ವಿದ್ಯಾರ್ಥಿಯ ಮೊದಲ ಹೆಜ್ಜೆಯಲ್ಲ. ಬೀಜ ತೆಗೆದು ಶುಚಿಯಾಗಿ ಕಟ್ಟಿದ ಹುಣಿಸೆ, ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕಸೂತಿಯ ಚೀಲ, ತೇರಿನ ದಿನ ದೂರದಿಂದ ಬಂದವರಿಗೆ ದಾರಿ ತೋರಿಸುವ ಕೆಲಸ: ಇವು ಮೊದಲ ಹೆಜ್ಜೆಗಳು. ಹುಣಿಸೆಯ ಬೀಜಕ್ಕೂ ಬೆಲೆಯುಂಟು. ಅದರ ಪುಡಿಯನ್ನು ಬಟ್ಟೆಯ ಗಿರಣಿಗಳಲ್ಲಿ ನೂಲಿಗೆ ಗಂಜಿಯಾಗಿ ಬಳಸುತ್ತಾರೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ಈಗ ನನ್ನ ಸಲಹೆಗೆ ಬರುತ್ತೇನೆ. ನಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ಪಾಲುದಾರರಾಗಿ, ವಿದ್ಯಾರ್ಥಿಗಳೇ ನಡೆಸುವ ಒಂದು ಸಹಕಾರಿ ಅಂಗಡಿ ಬೇಕು. ಒಂದು ಕೋಣೆ, ಎರಡು ಕಪಾಟು, ಒಂದು ತಕ್ಕಡಿ, ಒಂದು ಕಿರ್ದಿ, ಒಂದು ಖಾತೆ ಪುಸ್ತಕ: ಇಷ್ಟೇ ಅದರ ಆಸ್ತಿ. ಪಾಲಿನ ಬೆಲೆ ನೂರು ರೂಪಾಯಿ ಇರಲಿ. ಮುನ್ನೂರು ಮಂದಿ ಸೇರಿದರೆ 30,000 ರೂಪಾಯಿ ಬಂಡವಾಳವಾಯಿತು. ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ನೋಟ್ ಪುಸ್ತಕ, ಪೆನ್ನು, ಪರೀಕ್ಷೆಯ ಅರ್ಜಿ, ನಕಲು ತೆಗೆಯುವ ಯಂತ್ರ ಇವುಗಳಿಂದ ಆರಂಭವಾಗಲಿ. ಏಕೆಂದರೆ ಇವುಗಳಿಗೆ ಗಿರಾಕಿಗಳು ನಾವೇ. ಎರಡನೆಯ ಹೆಜ್ಜೆಯಾಗಿ ವಿದ್ಯಾರ್ಥಿಗಳು ತಮ್ಮ ಮನೆಯಲ್ಲಿ ಮಾಡಿದ ವಸ್ತುವನ್ನು ಅಂಗಡಿಯಲ್ಲಿ ಇಡಲಿ. ಮಾರಾಟವಾದರೆ ಅಂಗಡಿಗೆ ಸಣ್ಣ ಕಮಿಷನ್, ಮಾರಾಟವಾಗದಿದ್ದರೆ ವಸ್ತು ಮನೆಗೆ. ಮೂರನೆಯದಾಗಿ, ತಿಂಗಳಿಗೊಮ್ಮೆ ಕಾಲೇಜಿನ ಅಂಗಳದಲ್ಲಿ ಸಂತೆ ಕೂಡಲಿ. ಹೊಸಪೇಟೆಯಿಂದ ಹರಿಹರಕ್ಕೆ ಹೋಗುವ ರೈಲು ಮಾರ್ಗವು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಹಡಗಲಿ, ಕೂಡ್ಲಿಗಿಗಳಿಗೆ ಬಸ್ಸುಂಟು. ಐದು ತಾಲೂಕುಗಳ ಕಾಲೇಜುಗಳು ಸರದಿಯಂತೆ ಸಂತೆ ನಡೆಸಿದರೆ ಹಡಗಲಿಯ ಹೂ ಕೂಡ್ಲಿಗಿಗೆ, ಕೂಡ್ಲಿಗಿಯ ಹುಣಿಸೆ ಹರಪನಹಳ್ಳಿಗೆ ಹೋಗಲು ದಲ್ಲಾಲಿ ಬೇಕಾಗುವುದಿಲ್ಲ.

ಕಲಾ ವಿಭಾಗದವರಿಗೆ ಇದರಲ್ಲಿ ಏನು ಕೆಲಸ ಎಂದು ವಾಣಿಜ್ಯ ವಿಭಾಗದ ಗೆಳೆಯರು ನಗಬಹುದು. ಅರ್ಥಶಾಸ್ತ್ರದವರು ಮಾರುಕಟ್ಟೆಯ ದಿನದಿನದ ಧಾರಣೆಯನ್ನು ಬರೆದು ಫಲಕದಲ್ಲಿ ಹಾಕಲಿ. ಭೂಗೋಳದವರು ಯಾವ ಹಳ್ಳಿಯಲ್ಲಿ ಏನು ಬೆಳೆಯುತ್ತದೆ, ಯಾವ ತಿಂಗಳು ದೊರೆಯುತ್ತದೆ ಎಂಬ ನಕ್ಷೆ ಬರೆಯಲಿ. ಇತಿಹಾಸದವರು ಬಾಗಳಿಯ ಶಾಸನಗಳನ್ನು ಓದಿ, ಬಂದ ಯಾತ್ರಿಕರಿಗೆ ಸುಳ್ಳು ದಂತಕಥೆಗೆ ಬದಲಾಗಿ ನಿಜವಾದ ಚರಿತ್ರೆಯನ್ನು ಹೇಳುವ ಮಾರ್ಗದರ್ಶಿಗಳಾಗಲಿ. ಕನ್ನಡದವರು ಚೀಟಿಯ ಮೇಲೆ ತಪ್ಪಿಲ್ಲದ ಕನ್ನಡ ಬರೆಯಲಿ, ಅಂಗಡಿಯ ಪತ್ರವ್ಯವಹಾರ ನಡೆಸಲಿ. ಸಮಾಜಶಾಸ್ತ್ರದವರು ಯಾರು ಕೊಳ್ಳುತ್ತಾರೆ, ಯಾರು ಕೊಳ್ಳುವುದಿಲ್ಲ, ಏಕೆ ಎಂದು ವಿಚಾರಿಸಲಿ. ಓದಿದ ವಿದ್ಯೆ ಹೀಗೆ ಕೈಗೆ ಬಂದರೆ ಅದು ಪರೀಕ್ಷೆಯ ಮರುದಿನ ಮರೆತುಹೋಗುವುದಿಲ್ಲ.

ಅಂಗಡಿಯಲ್ಲಿ ಕೈ ಪಳಗಿದ ಮೇಲೆ ಸಾಲದ ಮಾತು. ಇದರಲ್ಲಿ ನಮ್ಮವರು ಮೋಸಹೋಗುವುದು ಹೆಚ್ಚು. ಏಕೆಂದರೆ ಸಹಾಯಧನ ಎಂದರೆ ಪುಕ್ಕಟೆ ಹಣವೆಂದು ತಿಳಿದಿದ್ದಾರೆ. 2008ರಲ್ಲಿ ಆರಂಭವಾದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವನ್ನೇ ನೋಡಿರಿ. 2022ರಲ್ಲಿ ಪರಿಷ್ಕರಿಸಿದ ನಿಯಮಗಳಂತೆ ಗ್ರಾಮಾಂತರದಲ್ಲಿ ಸಾಮಾನ್ಯ ವರ್ಗದವರಿಗೆ ಯೋಜನಾ ವೆಚ್ಚದ ಶೇ. 25, ಪರಿಶಿಷ್ಟ ಜಾತಿ, ಪರಿಶಿಷ್ಟ ವರ್ಗ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಮತ್ತು ಮಹಿಳೆಯರಿಗೆ ಶೇ. 35 ಸಹಾಯಧನ. ನಾಲ್ಕು ಲಕ್ಷ ರೂಪಾಯಿಯ ಹಿಟ್ಟಿನ ಗಿರಣಿಯನ್ನು ಹಳ್ಳಿಯ ಒಬ್ಬ ಹೆಣ್ಣುಮಗಳು ಹೂಡಬೇಕೆಂದರೆ ತನ್ನ ಕೈಯಿಂದ ಶೇ. 5, ಎಂದರೆ 20,000 ರೂಪಾಯಿ ತರಬೇಕು. ಬ್ಯಾಂಕು 3,80,000 ಸಾಲ ಕೊಡಬೇಕು. ಸಹಾಯಧನದ 1,40,000 ರೂಪಾಯಿ ಅವಳ ಕೈಗೆ ಬರುವುದಿಲ್ಲ. ಅದು ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ನಿಂತು, ಗಿರಣಿ ನಡೆಯುತ್ತಿದೆ ಎಂದು ಕಂಡುಬಂದ ಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಉಳಿದ 2,40,000 ರೂಪಾಯಿಯನ್ನು ಬಡ್ಡಿಯೊಡನೆ ಅವಳೇ ತೀರಿಸಬೇಕು. ಇದನ್ನು ಅರಿತವಳು ಗಿರಣಿಯನ್ನು ಮೂರು ವರ್ಷ ನಡೆಸುವ ಯೋಚನೆ ಮಾಡುವಳು. ಅರಿಯದವಳು ಮಧ್ಯವರ್ತಿಯ ಮಾತಿಗೆ ಮರುಳಾಗಿ ಸಾಲಗಾರಳಾಗುವಳು. 2015ರಲ್ಲಿ ಬಂದ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಜಾಮೀನಿಲ್ಲದೆ ಸಾಲ ಕೊಡುವ ಏರ್ಪಾಡಾಯಿತು. ಸಣ್ಣ ಕೆಲಸಕ್ಕೆ ಅಷ್ಟು ಸಾಕು.

ತರಬೇತಿಯ ಮಾದರಿಯೂ ನಮ್ಮ ನಾಡಿನದೇ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಮುಂದಾಳುತನದಲ್ಲಿ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕುಗಳು ಕೂಡಿ ರುಡ್‌ಸೆಟಿಯನ್ನು ಸ್ಥಾಪಿಸಿದವು. ಊಟ ವಸತಿಗಳೊಡನೆ ಉಚಿತವಾಗಿ ಕಸುಬು ಕಲಿಸಿ, ಮುಂದೆ ಸಾಲ ದೊರೆಯುವವರೆಗೆ ಬೆನ್ನ ಹಿಂದೆ ನಿಲ್ಲುವುದು ಅದರ ಪದ್ಧತಿ. ಇದನ್ನು ನೋಡಿಯೇ ಮುಂದೆ ದೇಶದ ಜಿಲ್ಲೆಗಳಲ್ಲಿ ಅಂಥ ಸಂಸ್ಥೆಗಳು ಹುಟ್ಟಿದವು. ನಮ್ಮ ಬೇಸಿಗೆ ರಜೆಯಲ್ಲಿ ಹತ್ತು ಮಂದಿಯನ್ನಾದರೂ ಅಂಥ ತರಬೇತಿಗೆ ಕಳುಹಿಸುವುದು ಕಾಲೇಜಿಗೆ ಅಸಾಧ್ಯವಲ್ಲ.

ಇಷ್ಟನ್ನು ಹೇಳಿದ ಮೇಲೆ ಆಕ್ಷೇಪಗಳನ್ನೂ ಎದುರಿಸಬೇಕು. ಅಂಗಡಿಯಿಂದ ಓದು ಕೆಡುವುದಿಲ್ಲವೇ? ನಮ್ಮಲ್ಲಿ ಈಗಾಗಲೇ ಅನೇಕರು ಬೆಳಿಗ್ಗೆ ಪತ್ರಿಕೆ ಹಂಚುತ್ತಾರೆ, ಸಂಜೆ ಹೋಟೆಲಿನಲ್ಲಿ ದುಡಿಯುತ್ತಾರೆ, ಸುಗ್ಗಿಯಲ್ಲಿ ತರಗತಿ ಬಿಟ್ಟು ಹೊಲಕ್ಕೆ ಹೋಗುತ್ತಾರೆ. ಓದಿಗೆ ಅಡ್ಡಿಯಾಗುವ ಆ ದುಡಿಮೆಯನ್ನು ಯಾರೂ ಆಕ್ಷೇಪಿಸಿದ್ದಿಲ್ಲ. ಕಾಲೇಜಿನೊಳಗೆ, ವಾರಕ್ಕೆ ನಾಲ್ಕು ತಾಸಿನ ಸರದಿಯಲ್ಲಿ, ಗುರುಗಳ ಕಣ್ಣೆದುರು ನಡೆಯುವ ಕೆಲಸ ಅದಕ್ಕಿಂತ ಲೇಸಲ್ಲವೇ? ಹಳ್ಳಿಯಿಂದ ಬರುವ ವಿದ್ಯಾರ್ಥಿನಿಯರು ಐದು ಗಂಟೆಯ ಬಸ್ಸಿಗೆ ಹೋಗಲೇಬೇಕು. ಸಂಜೆಯ ಕಾರ್ಯಕ್ರಮಗಳೆಲ್ಲ ಅವರಿಗೆ ಮುಚ್ಚಿದ ಬಾಗಿಲು. ಹಗಲಿನ ಅಂಗಡಿಯ ಬಾಗಿಲು ಅವರಿಗೂ ತೆರೆದಿರುತ್ತದೆ.

ಎರಡನೆಯ ಆಕ್ಷೇಪವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ಎಲ್ಲಕ್ಕಿಂತ ದೊಡ್ಡದು ಅದೇ. ಯಾರ ಕೈಯ ರೊಟ್ಟಿಯನ್ನು ಯಾರು ಕೊಳ್ಳುವರು? ನೋಟ್ ಪುಸ್ತಕಕ್ಕೆ ಜಾತಿಯಿಲ್ಲ, ರೊಟ್ಟಿಗೆ ಉಂಟು. ನಮ್ಮ ಸೀಮೆಯಲ್ಲಿ ಕಿರಾಣಿ ಅಂಗಡಿ ಯಾರದು, ಖಾನಾವಳಿ ಯಾರದು, ಹೊಲದ ಕೂಲಿ ಯಾರದು ಎಂಬುದು ಹುಟ್ಟಿನಿಂದಲೇ ಗೊತ್ತಾಗಿರುವಂತಿದೆ. ಬಂಡವಾಳವಿಲ್ಲದುದು ಮಾತ್ರವೇ ಅಡ್ಡಿಯಾಗಿದ್ದರೆ ಬ್ಯಾಂಕು ಸಾಲ ಕೊಟ್ಟೀತು. ಗಿರಾಕಿಯ ಮನಸ್ಸಿಗೆ ಯಾವ ಬ್ಯಾಂಕು ಸಾಲ ಕೊಡುತ್ತದೆ? ಕಾಯಕದ ಮಾತನ್ನು ಎಂಟುನೂರು ವರ್ಷಗಳಿಂದ ಹೇಳುತ್ತ ಬಂದ ನಾಡು ನಮ್ಮದು. ಆ ಮಾತು ವೇದಿಕೆಯಿಂದ ಇಳಿದು ಅಂಗಡಿಯ ಗಲ್ಲಾದ ಹತ್ತಿರ ಬರಬೇಕು. ಕಾಲೇಜಿನ ಅಂಗಡಿಯಲ್ಲಿ ಸರದಿಯಂತೆ ಎಲ್ಲ ಮನೆಗಳ ಮಕ್ಕಳೂ ತೂಗಿ ಕೊಡಲಿ, ಎಲ್ಲ ಮನೆಗಳ ರೊಟ್ಟಿಯೂ ಒಂದೇ ಕಪಾಟಿನಲ್ಲಿರಲಿ. ಗುರುಗಳು ಮೊದಲ ಗಿರಾಕಿಗಳಾಗಲಿ. ನೂರು ಭಾಷಣಗಳು ಮಾಡದ ಕೆಲಸವನ್ನು ಆ ಒಂದು ಕಪಾಟು ಮಾಡೀತೆಂದು ನನ್ನ ನಂಬಿಕೆ.

ಮೂರನೆಯ ಆಕ್ಷೇಪ, ಲೆಕ್ಕ ತಪ್ಪಿದರೆ, ಹಣ ಕಳೆದರೆ ಹೊಣೆ ಯಾರು ಎಂಬುದು. ಹೊಣೆ ನಮ್ಮದೇ. ಪ್ರತಿ ಶನಿವಾರ ಕಿರ್ದಿಯನ್ನು ಸೂಚನಾ ಫಲಕದ ಹತ್ತಿರ ಎಲ್ಲರೂ ನೋಡುವಂತೆ ಇಡತಕ್ಕದ್ದು. ಉದ್ರಿಯನ್ನು, ಪ್ರಾಚಾರ್ಯರಿಗೇ ಆಗಲಿ, ಕೊಡತಕ್ಕದ್ದಲ್ಲ. ವರ್ಷಕ್ಕೊಮ್ಮೆ ಬೇರೆ ಕಾಲೇಜಿನ ವಾಣಿಜ್ಯ ವಿಭಾಗದವರಿಂದ ತಪಾಸಣೆ ಮಾಡಿಸತಕ್ಕದ್ದು. ಈ ಮೂರು ನಿಯಮಗಳಿದ್ದರೆ ಕಳೆಯುವುದು ಕಡಿಮೆ. ಕಳೆದರೂ ನೂರು ರೂಪಾಯಿಯ ಪಾಲಿಗಿಂತ ಹೆಚ್ಚು ಯಾರದೂ ಹೋಗದು. ಬ್ಯಾಂಕಿನ ಸಾಲದಲ್ಲಿ ಕಲಿಯುವ ಪಾಠಕ್ಕಿಂತ ಇದು ಅಗ್ಗ.

ವಿಶ್ವವಿದ್ಯಾಲಯದ ಹಿರಿಯರಲ್ಲಿ ನನ್ನ ಬಿನ್ನಹ ಒಂದೇ. ಉದ್ಯಮಶೀಲತೆಗೆ ಪ್ರಮಾಣಪತ್ರ ಕೊಡುವುದಕ್ಕೆ ಬದಲಾಗಿ, ವಿದ್ಯಾರ್ಥಿಯು ಒಂದು ವರ್ಷ ಬರೆದ ಲೆಕ್ಕದ ಪುಸ್ತಕಕ್ಕೆ ಅಂಕ ಕೊಡಿರಿ. ಲಾಭವಾಯಿತೇ ನಷ್ಟವಾಯಿತೇ ಎಂಬುದು ಮುಖ್ಯವಲ್ಲ. ನಷ್ಟಕ್ಕೆ ಕಾರಣವನ್ನು ಸರಿಯಾಗಿ ಬರೆದವನಿಗೆ ಲಾಭ ಮಾಡಿದವನಷ್ಟೇ ಅಂಕ ಸಲ್ಲಬೇಕು. ಬ್ಯಾಂಕಿನ ವ್ಯವಸ್ಥಾಪಕರನ್ನು ಭಾಷಣಕ್ಕೆ ಕರೆಯುವ ಬದಲು, ಅರ್ಜಿಯ ನಮೂನೆಗಳನ್ನು ತಂದು ನಮ್ಮೊಡನೆ ಕುಳಿತು ತುಂಬಿಸಿ ತೋರಿಸಲು ಕರೆಯಿರಿ.

ಸಹಪಾಠಿಗಳಲ್ಲಿಯೂ ಒಂದು ಮಾತು. ಸರಕಾರವು ಮಾಡಲಿ, ವಿಶ್ವವಿದ್ಯಾಲಯವು ಆಜ್ಞೆ ಕಳುಹಿಸಲಿ ಎಂದು ಕಾಯುತ್ತ ಕುಳಿತರೆ ನಾವು ಪದವಿ ಪಡೆದು ಹೊರಗೆ ಹೋಗಿರುತ್ತೇವೆ. ನೂರು ರೂಪಾಯಿ ಪಾಲು ಹಾಕಲು ಯಾರ ಆಜ್ಞೆಯೂ ಬೇಕಿಲ್ಲ. ಪ್ರಾಚಾರ್ಯರ ಒಪ್ಪಿಗೆಯೂ ಒಂದು ಖಾಲಿ ಕೋಣೆಯೂ ಸಾಕು. ಬರುವ ಜೂನಿನಲ್ಲಿ ಕಾಲೇಜು ತೆರೆದಾಗ ನಾನು ಇಲ್ಲಿರುವುದಿಲ್ಲ. ಆದರೂ ನನ್ನ ಪಾಲಿನ ನೂರು ರೂಪಾಯಿಯನ್ನು ಅರ್ಥಶಾಸ್ತ್ರ ವಿಭಾಗದ ಗುರುಗಳ ಕೈಯಲ್ಲಿ ಇಟ್ಟು ಹೋಗುವೆನು. ಉಳಿದ ಇನ್ನೂರ ತೊಂಬತ್ತೊಂಬತ್ತು ಪಾಲುಗಳನ್ನು ಕಿರಿಯರು ಕೂಡಿಸಬೇಕಾಗಿ ವಿನಂತಿ.